ಕರಿ ಬೆಕ್ಕಿನ ಫೋಟೊದಲ್ಲಿ ಬರೀ ಕಪ್ಪು ಮುದ್ದೆ, ಏನು ಮಾಡಬೇಕು?

ಪ್ರಶ್ನೆ:
ಪೂರ್ತಿ ಕಪ್ಪು ಬೆಕ್ಕು. ಕಿಟಕಿ ಕಟ್ಟೆ ಮೇಲೆ ಕೂತಾಗ ತೆಗೆದರೆ ಮೂತಿಯೇ ಕಾಣುವುದಿಲ್ಲ. ಫ್ಲ್ಯಾಶ್ ಹಾಕಿದರೆ ಕಣ್ಣು ಹಸಿರು ಬಲ್ಬಿನ ಹಾಗೆ. ಸ್ನ್ಯಾಪ್‌ಸೀಡ್ ಎಡಿಟಿಂಗ್ ಆ್ಯಪ್‌ನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಮೈಯೆಲ್ಲ ಬೂದಿ ಬಣ್ಣ, ಕಾಳು ಕಾಳು. ಫೋನ್ ಇದೆ, ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಲೆನ್ಸ್ ಕೂಡ ಇವೆ.

ಉತ್ತರ 1:
ಎಡಿಟಿಂಗ್ ಆಮೇಲೆ ನೋಡೋಣ, ಮೊದಲು ಬೆಳಕಿನ ದಿಕ್ಕು ಬದಲಿಸಿ. ಕಿಟಕಿ ಬೆಕ್ಕಿನ ಬೆನ್ನಿಗಿದ್ದರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಬೆಕ್ಕನ್ನು ಕತ್ತಲು ಮಾಡುತ್ತದೆ. ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗೆ, ಬೆಳಕು ಪಕ್ಕದಿಂದ ಓರೆಯಾಗಿ ಬೀಳುವ ಜಾಗದಲ್ಲಿ ಅದು ಕೂರಲಿ. ಕಪ್ಪು ತುಪ್ಪಳ ಕಾಣುವುದೇ ಹೊಳಪಿನಿಂದ. ಓರೆ ಬೆಳಕಿನಲ್ಲಿ ಕೂದಲು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ನೆರಳಿನ ಕಡೆಗೂ ಬೆಳಕು ಮರಳಿ ಬೀಳಲು ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿ, ಇಲ್ಲವೇ ಬಿಳಿ ಪಂಚೆ ಇಳಿಬಿಡಿ.

ಫ್ರೇಮ್ ತುಂಬ ಬೆಕ್ಕೇ ಇದ್ದಾಗ ತೊಂದರೆ ಉಲ್ಟಾ: ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಕಪ್ಪನ್ನೂ ಬೂದಿಯಾಗಿಸುತ್ತದೆ. ಆಗ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಫೋಟೊದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 0.7 ಇಡಿ. ಫೋನಿನಲ್ಲಾದರೆ ಕಣ್ಣಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ.

ಉತ್ತರ 2:
ಡಿಎಸ್‌ಎಲ್‌ಆರ್‌ಗೆ: ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ಲೆನ್ಸಿನ ಕಿಂಡಿ ಎಫ್/2.8, ಶಟರ್ ವೇಗ 1/250 ಸೆಕೆಂಡ್, ಆಟೊ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) ಗರಿಷ್ಠ 3200. ಆಡುತ್ತಿದ್ದರೆ 1/500 ಆದರೂ ಬೇಕು. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಕಣ್ಣು ಚೂಪು, ಮೂಗು ಮಸುಕು. ಫೋಕಸ್ ಪಾಯಿಂಟನ್ನು ಕಣ್ಣಿನ ಅಂಚಿನ ಮೇಲಿಡಿ. ಕಪ್ಪು ಮೈ ಮೇಲೆ ಇಟ್ಟರೆ ಹಿಡಿಯಲು ವ್ಯತ್ಯಾಸವೇ ಸಿಗದೆ ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿರುವ ಟಪೀಟಮ್ ಪದರ ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತದೆ. ಫ್ಲ್ಯಾಶ್‌ನಿಂದ ಕೆಂಪಾದ ಕಣ್ಣು ಸರಿಪಡಿಸುವ ರೆಡ್ ಐ ಟೂಲ್ ಹುಡುಕುವುದು ಕೆಂಪನ್ನು, ಹಾಗಾಗಿ ಈ ಹಸಿರಿಗೆ ಅದು ನಾಟುವುದಿಲ್ಲ. ಹಳೆಯ ಫೋಟೊ ಸರಿಪಡಿಸಬೇಕಿದ್ದರೆ ಕಂಪ್ಯೂಟರಿನ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಪೆಟ್ ಐ ಅಂತ ಬೇರೆಯೇ ಟೂಲ್ ಇದೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಎಡಿಟಿಂಗಿನಲ್ಲಿ ಯಾವುದು ಮೊದಲು? ಫೋನಿನ ಪೋರ್ಟ್ರೇಟ್ ಮೋಡಿನಲ್ಲಿ ಮೀಸೆಯೂ ಮಾಯವಾಗುತ್ತಿದೆ.

ಉತ್ತರ 3:
ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಛಾಯೆ ಸರಿಪಡಿಸುವುದು. ಕಿಟಕಿ ಬೆಳಕಿಗೆ ಕಪ್ಪು ತುಪ್ಪಳ ನೀಲಿ ತಿರುಗುತ್ತದೆ, ಸ್ವಲ್ಪ ಬೆಚ್ಚಗೆ ಮಾಡಿ. ಆಮೇಲೆ ಲೈಟ್‌ರೂಮ್‌ನಲ್ಲಾದರೆ ಶ್ಯಾಡೋಸ್ (ನೆರಳಿನ ಭಾಗ) ಪ್ಲಸ್ 30, ಬ್ಲ್ಯಾಕ್ಸ್ (ಅತಿ ಕಪ್ಪು ಭಾಗ) ಮೈನಸ್ 10. ಈ ಎರಡನೆಯದನ್ನು ಬಿಟ್ಟರೆ ಮತ್ತೆ ಬೂದಿಯೇ. ಸ್ನ್ಯಾಪ್‌ಸೀಡ್ ಬ್ರೈಟ್‌ನೆಸ್ ಇಡೀ ಚಿತ್ರವನ್ನು ಏರಿಸುತ್ತದೆ, ಬದಲಿಗೆ ಸೆಲೆಕ್ಟಿವ್ ಟೂಲ್ ತೆರೆದು ಮುಖದ ಮೇಲೆ ಮಾತ್ರ ಪ್ಲಸ್ 20 ಕೊಡಿ. ಸಣ್ಣ ವಿವರ ಎದ್ದು ಕಾಣಿಸುವ ಸ್ಟ್ರಕ್ಚರ್ 15 ದಾಟಿದರೆ ಕಾಳುಗಳೂ ಚೂಪಾಗುತ್ತವೆ.

ಪೋರ್ಟ್ರೇಟ್ ಮೋಡ್ ಅಂಚನ್ನು ಊಹಿಸಿ ಮಸುಕು ಮಾಡುವಂಥದ್ದು, ಮೀಸೆಯಷ್ಟು ತೆಳುವಾದದ್ದು ಅದಕ್ಕೆ ಸಿಗುವುದಿಲ್ಲ. ಅದನ್ನು ಆಫ್ ಮಾಡಿ, 2ಎಕ್ಸ್ ಲೆನ್ಸ್ ಇದ್ದರೆ ಹಾಕಿ, ಗೋಡೆಗೂ ಬೆಕ್ಕಿಗೂ ಐದಾರು ಅಡಿ ಅಂತರ ಬಿಡಿ. ತೆಗೆಯುವ ಮುಂಚೆ ಒದ್ದೆ ಬಟ್ಟೆಯಿಂದ ಮೈ ಒಮ್ಮೆ ಸವರಿ, ಕಪ್ಪು ಮೈ ಮೇಲಿನ ಧೂಳು ಎಡಿಟಿಂಗ್ ಆದಮೇಲೆ ಇನ್ನೂ ಎದ್ದು ಕಾಣುತ್ತದೆ.