ಕೂಗು ಮೊದಲೋ, ಸನ್ನೆ ಮೊದಲೋ?

ಪ್ರಶ್ನೆ: ಮನುಷ್ಯನ ಭಾಷೆ ಪ್ರಾಣಿಗಳಂಥ ಕೂಗಿನಿಂದ ಬೆಳೆಯಿತೆ, ಇಲ್ಲವೆ ಕೈಸನ್ನೆಗಳಿಂದಲೆ? ಮಾತು ಪಳೆಯುಳಿಕೆಯಾಗಿ ಉಳಿಯದಿರುವಾಗ ಇದನ್ನು ನಿರ್ಧರಿಸುವುದು ಹೇಗೆ?

ಉತ್ತರ 1: ಕುರುಹುಗಳು ಸ್ವಲ್ಪವಾದರೂ ಇವೆ. ಇಸ್ರೇಲಿನ ಕೆಬಾರಾ ಗುಹೆಯಲ್ಲಿ ದೊರೆತ, ಸುಮಾರು 60,000 ವರ್ಷಗಳಷ್ಟು ಹಳೆಯ ನಿಯಾಂಡರ್ತಾಲ್ (ನಮಗೆ ಹತ್ತಿರದ, ಈಗ ಅಳಿದುಹೋಗಿರುವ ಮಾನವ ಬಳಗ) ಅಸ್ಥಿಪಂಜರದ ಹಯಾಯ್ಡ್ ಮೂಳೆ, ಅಂದರೆ ನಾಲಿಗೆಗೆ ಆಧಾರವಾಗಿರುವ ಗಂಟಲಿನ ಮೂಳೆ, ನಮ್ಮದನ್ನೇ ಹೋಲುತ್ತದೆ. ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ಜೀನಿನಲ್ಲಿ ನಮ್ಮನ್ನು ಚಿಂಪಾಂಜಿಗಳಿಂದ ಬೇರ್ಪಡಿಸುವ ಎರಡು ಅಮೈನೊ ಆಮ್ಲಗಳ ಬದಲಾವಣೆಯೂ ನಿಯಾಂಡರ್ತಾಲರಲ್ಲಿತ್ತು.

ಉತ್ತರ 2: ಮೂಳೆಯಿದ್ದ ಮಾತ್ರಕ್ಕೆ ವ್ಯಾಕರಣವಿತ್ತೆಂದಾಗದು. ಚಿಂಪಾಂಜಿಗಳು ಕೂಗಿಗಿಂತ ಸನ್ನೆಗಳನ್ನು ಸಂದರ್ಭಕ್ಕೆ ತಕ್ಕಂತೆ ಹೆಚ್ಚು ಸ್ವತಂತ್ರವಾಗಿ ಬಳಸುವುದರಿಂದ ನನ್ನ ಒಲವು ಸನ್ನೆಯ ಕಡೆಗಿದೆ. (ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವಂತೂ 1866ರಲ್ಲಿ ಭಾಷೆಯ ಹುಟ್ಟಿನ ಚರ್ಚೆಯನ್ನೇ ನಿಷೇಧಿಸಿತ್ತು!)

ಉತ್ತರ 3: ಹಾಗಾದರೆ ಸನ್ನೆ ಧ್ವನಿಗೆ ದಾಟಿದ್ದೇಕೆ ಎಂಬುದನ್ನೂ ವಿವರಿಸಬೇಕಲ್ಲವೆ? ಕತ್ತಲಲ್ಲಿ ಧ್ವನಿಯೇ ಅನುಕೂಲವೆಂಬುದು ನಿಜವಾದರೂ, ಎರಡೂ ಜೊತೆಯಾಗಿ ಬೆಳೆದವೆನ್ನುವುದು ನನಗೆ ಹೆಚ್ಚು ಸಹಜವಾಗಿ ತೋರುತ್ತದೆ.