ವಸತಿ ಸಮುಚ್ಚಯದ ನಾಯಿ ನಿಯಮಾವಳಿ ರೂಪಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಸಾಕುನಾಯಿಗಳನ್ನು ಲಿಫ್ಟ್‌ನಲ್ಲಿ ಕರೆದೊಯ್ಯಬಾರದು, ಆವರಣದ ಬೀದಿನಾಯಿಗಳಿಗೆ ಯಾರೂ ಆಹಾರ ಹಾಕಬಾರದು ಎಂಬ ನಿರ್ಣಯವನ್ನು ಬೆಂಗಳೂರಿನ ನಮ್ಮ ನಿವಾಸಿಗಳ ಸಂಘವು ಮುಂದಿನ ಸಭೆಯಲ್ಲಿ ಅಂಗೀಕರಿಸಲು ಹೊರಟಿದೆ. ಅದರ ಬದಲಿಗೆ ಕಾನೂನಿಗೆ ಒಪ್ಪುವ ಕರಡೊಂದನ್ನು ನಾನು ಮಂಡಿಸಬೇಕಾಗಿದೆ.

ಬಹುಮತವಿದ್ದರೂ ಸಂಘವು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಬೀದಿನಾಯಿಗಳ ವಿಷಯದಲ್ಲಿ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮವು ಮಕ್ಕಳ ಆಟದ ಜಾಗ, ಮೆಟ್ಟಿಲು ಹಾಗೂ ಪ್ರವೇಶದ್ವಾರಗಳಿಂದ ದೂರವಿರುವ ಸ್ಥಳವನ್ನು ಪರಸ್ಪರ ಒಪ್ಪಿಗೆಯಿಂದ ಗುರುತಿಸಿ ಆಹಾರದ ವ್ಯವಸ್ಥೆ ಮಾಡುವ ಹೊಣೆಯನ್ನು ಸಂಘದ ಮೇಲೆಯೇ ಹೊರಿಸುತ್ತದೆ. ಬೀದಿಯಲ್ಲಿ ಎಲ್ಲೆಂದರಲ್ಲಿ ಆಹಾರ ಹಾಕದೆ ನಿಗದಿತ ಸ್ಥಳದಲ್ಲಷ್ಟೇ ಹಾಕಬೇಕೆಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಆದೇಶಿಸಿದೆ.

ಆದರೂ ವಿರೋಧಿಸುವವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಮಗುವನ್ನು ನಾಯಿ ಅಟ್ಟಿಸಿಕೊಂಡು ಬಂದರೆ ತಾಯಿಗೆ ನಿಯಮದ ಸಂಖ್ಯೆ ಸಮಾಧಾನ ಕೊಡುವುದಿಲ್ಲ. ಸಾಕಿದವರು ಹಗ್ಗ ಹಿಡಿದೇ ಓಡಾಡಿಸುವುದು, ಮಲ ಎತ್ತುವುದು, ಪ್ರತಿವರ್ಷ ರೇಬೀಸ್ ಲಸಿಕೆಯ ದಾಖಲೆ ತೋರಿಸುವುದು ಕರಡಿನಲ್ಲಿರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ತಮ್ಮ ಸಂಘದಲ್ಲಿ ಇಂಥ ನಿಯಮಾವಳಿ ಜಾರಿಯಲ್ಲಿದ್ದರೆ, ದಯವಿಟ್ಟು ಅದರ ಕನ್ನಡ ಪ್ರತಿಯನ್ನು ಹಂಚಿಕೊಳ್ಳಿ. ಆಹಾರದ ಸ್ಥಳವನ್ನು ಒಮ್ಮತದಿಂದ ಆರಿಸಿದ ಬಗೆಯನ್ನೂ, ವಿವಾದವನ್ನು ಪ್ರಾಣಿ ಕಲ್ಯಾಣ ಸಮಿತಿಯ (ಆಹಾರದ ಬಗೆಗಿನ ಜಗಳ ಬಗೆಹರಿಸಲು ಅದೇ 20ನೇ ನಿಯಮದಡಿ ರಚಿಸುವ ಸಮಿತಿ) ಮುಂದಿಟ್ಟ ಅನುಭವವಿದ್ದರೆ ಅದನ್ನೂ ತಿಳಿಸಿ.