ಪಶ್ತೂನ್, ಪಖ್ತೂನ್, ಪಠಾಣ, ಅಫ್ಘನ್: ಒಂದೇ ಜನಕ್ಕೆ ಇಷ್ಟು ಹೆಸರುಗಳೇಕೆ?

ಪ್ರಶ್ನೆ (ಚರಿತ್ರೆಯ ಓದುಗ):
ಋಗ್ವೇದದ ಏಳನೆಯ ಮಂಡಲದ ದಾಶರಾಜ್ಞ (ಹತ್ತು ರಾಜರ) ಯುದ್ಧದ ಸೂಕ್ತದಲ್ಲಿ ಬರುವ 'ಪಕ್ಥ'ರೇ ಅಫ್ಘಾನಿಸ್ತಾನ ಮತ್ತು ಪಾಕಿಸ್ತಾನದ ಇಂದಿನ ಪಖ್ತೂನರ ಪೂರ್ವಜರು ಎಂಬ ಮಾತನ್ನು ಹಲವೆಡೆ ಓದಿದ್ದೇನೆ. ಪೇಶಾವರದವರು ಪಖ್ತೂನ್ ಎಂದೂ ಕಂದಹಾರದವರು ಪಶ್ತೂನ್ ಎಂದೂ ಹೇಳಿಕೊಳ್ಳುವುದು ಕೇವಲ ಉಚ್ಚಾರಭೇದವೋ ಅಥವಾ ಇವು ಎರಡು ಪಂಗಡಗಳೋ? ಹೆಸರಿನ ಹೋಲಿಕೆಯನ್ನು ನೆಚ್ಚಿ ಮೂಲವನ್ನು ನಿರ್ಧರಿಸಬಹುದೇ?

ಉತ್ತರ (ವ್ಯಾಕರಣಪ್ರಿಯ):
ಇದು ಉಚ್ಚಾರಭೇದವೇ ಹೊರತು ಪಂಗಡಭೇದವಲ್ಲ. ಇವರ ಭಾಷೆಯಾದ ಪಶ್ತೋವಿನ ಲಿಪಿಯಲ್ಲಿ ಈ ಹೆಸರಿನ ನಡುವಿನ ಅಕ್ಷರವನ್ನು ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. ಅದನ್ನು ಕಂದಹಾರದಲ್ಲಿ ನಮ್ಮ ಷಕಾರಕ್ಕೆ ಹತ್ತಿರವಾಗಿ, ಕ್ವೆಟ್ಟಾದ ಕಡೆ ಶಕಾರವಾಗಿ, ಪೇಶಾವರದಲ್ಲಿ ಗಂಟಲಿನಿಂದ ಹೊರಡುವ ಖಕಾರವಾಗಿ ಓದುತ್ತಾರೆ. ವಜೀರಿಸ್ತಾನದ ಮಾತಿನಲ್ಲಿ ಸ್ವರಗಳೂ ಬದಲಾಗುತ್ತವೆ: ಬೇರೆಡೆ 'ಮೋರ್' ಎನಿಸಿಕೊಳ್ಳುವ ತಾಯಿ ಅಲ್ಲಿ 'ಮೇರ್', 'ಪ್ಲಾರ್' ಎನಿಸಿಕೊಳ್ಳುವ ತಂದೆ 'ಪ್ಲೋರ್'. 'ಪಠಾಣ' ಎಂಬುದು ಇದೇ ಹೆಸರಿನ ಬಹುವಚನ ರೂಪ ಹಿಂದುಸ್ತಾನಿಯ ಬಾಯಲ್ಲಿ ಪಡೆದ ಆಕಾರ.

ಪಕ್ಥರ ವಿಚಾರದಲ್ಲಿ ತೊಡಕಿರುವುದೂ ಇಲ್ಲಿಯೇ. 'ಪಕ್ಥ'ಕ್ಕೂ 'ಪಖ್ತೂನ್'ಗೂ ಹೋಲಿಕೆ ಕಾಣುವುದು ಪೇಶಾವರದ ಖಕಾರದಿಂದ. ಆದರೆ ಆ ಖಕಾರ ಈಚಿನದು, ಕಂದಹಾರದ ಷಕಾರವೇ ಹಳೆಯದು. ಪಶ್ತೋ ಪೂರ್ವ ಇರಾನೀ ಶಾಖೆಯ ಭಾಷೆ. ಅದರ ಧ್ವನಿನಿಯಮಗಳ ಪ್ರಕಾರ 'ಕ್ಥ' ಎಂಬ ಸಂಯುಕ್ತಾಕ್ಷರ 'ಷ್ತ' ಆಗುವುದು ಸುಲಭವಲ್ಲ. ಆದ್ದರಿಂದಲೇ ನಾರ್ವೆಯ ವಿದ್ವಾಂಸ ಮೊರ್ಗೆನ್‌ಸ್ಟಿಯರ್ನೆ ಪಕ್ಥ ಸಂಬಂಧವನ್ನು ಸಂಶಯಿಸಿ, 'ಪರ್ಶು' ಎಂಬ ಪ್ರಾಚೀನ ಜನನಾಮದಿಂದ ಬಂದ ರೂಪವೊಂದು ಇದರ ಮೂಲವಾಗಿರಬಹುದೆಂದು ಸೂಚಿಸಿದರು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ 'ಪಕ್ತುಯಿಕೆ' ಪ್ರದೇಶಕ್ಕೂ ಇದೇ ಆಕ್ಷೇಪ ಅನ್ವಯಿಸುತ್ತದೆ. ಹೆಸರು ಹೊಂದದಿದ್ದರೂ ಆ ಪ್ರದೇಶದ ಪ್ರಾಚೀನ ಜನರ ರಕ್ತ ಇಂದಿನವರಲ್ಲಿ ಇಲ್ಲವೆಂದು ಹೇಳಲಾಗದು. ಅದು ಬೇರೆಯೇ ಪ್ರಶ್ನೆ.

'ಅಫ್ಘನ್' ಎಂಬ ಹೆಸರಿಗಾದರೋ ಗಟ್ಟಿಯಾದ ಲಿಖಿತ ಆಧಾರವಿದೆ: 6ನೇ ಶತಮಾನದ ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ 'ಅವಗಾಣ'ರ ಉಲ್ಲೇಖ ಸಿಗುತ್ತದೆ.

ಉತ್ತರ (ವಂಶವೃಕ್ಷ):
ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಪಶ್ತೂನರು ತಮ್ಮ ಮೂಲವನ್ನು ಹೇಳಿಕೊಳ್ಳುವುದು ಧ್ವನಿನಿಯಮಗಳಿಂದಲ್ಲ, ವಂಶಾವಳಿಯಿಂದ. ಜಹಾಂಗೀರನ ಕಾಲದಲ್ಲಿ ಮೊಘಲ್ ಸರದಾರ ಖಾನ್ ಜಹಾನ್ ಲೋದಿಯ ಆಶ್ರಯದಲ್ಲಿದ್ದ ನಿಯಾಮತುಲ್ಲಾ ಬರೆದಿಟ್ಟ ಕಥನದ ಪ್ರಕಾರ ಇವರೆಲ್ಲ ಇಸ್ರಾಯೇಲ್ ವಂಶದ ಕೈಸ್ ಅಬ್ದುಲ್ ರಶೀದನ ಸಂತತಿ. ಆತನಿಗೆ ಸರ್ಬನ್, ಬಿಟನ್, ಘುರ್ಗುಷ್ತ್ ಎಂಬ ಮೂವರು ಮಕ್ಕಳು. ಇಸ್ರಾಯೇಲಿನ ನಂಟನ್ನು ಇತಿಹಾಸವೆಂದು ಒಪ್ಪುವ ವಿದ್ವಾಂಸರು ಈಗ ವಿರಳ. ಹೀಬ್ರೂವಿಗೂ ಪಶ್ತೋವಿಗೂ ಭಾಷಿಕ ಸಂಬಂಧವೇ ಇಲ್ಲ.

ಆದರೂ ಈ ವಂಶಾವಳಿಯನ್ನು ಕಟ್ಟುಕಥೆಯೆಂದು ಬದಿಗಿಡುವುದು ಅವಸರದ ತೀರ್ಮಾನವೆಂದೇ ನನ್ನ ಭಾವನೆ. ಅಫ್ರಿದಿ, ಖಟಕ್, ವಜೀರ್ ಮುಂತಾದ ಬಲಿಷ್ಠ ಬುಡಕಟ್ಟುಗಳ ಮೂಲಪುರುಷನಾದ ಕರ್ಲಾನಿಯನ್ನು ಸಾಮಾನ್ಯವಾಗಿ ದತ್ತು ಬಂದವನೆಂದೇ ಹೇಳಲಾಗುತ್ತದೆ. ಅಂದರೆ ಹೊರಗಿನವರನ್ನು ಒಳಗೆ ತಂದುಕೊಂಡದ್ದನ್ನು ವಂಶಾವಳಿಯೇ ಒಪ್ಪಿಕೊಳ್ಳುತ್ತದೆ. ಸ್ವಾತ್ ಕಣಿವೆಯ ಯೂಸುಫ್‌ಜೈಗಳಲ್ಲಿ 'ವೇಶ್' ಎಂಬ ಪದ್ಧತಿಯಂತೆ ಹೊಲಗಳನ್ನು ಕೆಲವು ವರ್ಷಗಳಿಗೊಮ್ಮೆ ಮರುಹಂಚಿಕೆ ಮಾಡುತ್ತಿದ್ದರು, ಪಾಲು ಸಿಗುತ್ತಿದ್ದುದು ವಂಶದಲ್ಲಿ ಸ್ಥಾನವಿದ್ದವರಿಗೆ. ಅಜ್ಜನ ಹೆಸರು ಅಲ್ಲಿ ಭೂದಾಖಲೆಯೂ ಆಗಿತ್ತು. ಹೆಸರುಗಳು ರಾಜಕೀಯದಿಂದಲೂ ಬದಲಾಗುತ್ತವೆ: 1747ರಲ್ಲಿ ಅಹ್ಮದ್ ಶಾಹ್ ಅಬ್ದಾಲಿ ರಾಜನಾದ ಮೇಲೆ ಆತನ ಅಬ್ದಾಲಿ ಬುಡಕಟ್ಟೇ ದುರ್ರಾನಿ ಎನಿಸಿತು.

ಮರುಪ್ರಶ್ನೆ (ಚರಿತ್ರೆಯ ಓದುಗ):
ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ನಮ್ಮ ಸವಣೂರಿನ ನವಾಬರನ್ನು ಪಠಾಣರೆನ್ನುವುದು ಸರಿಯೇ? ನಮ್ಮಲ್ಲಿ ಖಾನ್ ಎಂಬ ಹೆಸರುಳ್ಳವರೆಲ್ಲರೂ ಪಠಾಣರೇ?

ಉತ್ತರ (ವಂಶವೃಕ್ಷ):
ಸವಣೂರಿನವರ ವಿಷಯದಲ್ಲಿ ಸರಿ. ಅವರು ಮಿಯಾನಾ ಕುಲದ ಅಫ್ಘನರು. 1670ರ ದಶಕದಲ್ಲಿ ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಅಫ್ಘನ್ ಬಣದ ಮುಖಂಡನಾಗಿದ್ದ ಬಹಲೋಲ್ ಖಾನನೂ ಇದೇ ಕುಲದವನು. ಎರಡನೆಯ ಪ್ರಶ್ನೆಗೆ ಉತ್ತರ, ಅಲ್ಲ. ಖಾನ್ ಎಂಬುದು ತುರ್ಕಿ-ಮಂಗೋಲ್ ಬಿರುದಾಗಿದ್ದು ದಖ್ಖನಿನ ಸುಲ್ತಾನರು ಅದನ್ನು ಹಬ್ಶಿ (ಆಫ್ರಿಕಾ ಮೂಲದ) ಸರದಾರರಿಗೂ ನೀಡುತ್ತಿದ್ದರು. ಅದೇ ಬಿಜಾಪುರದಲ್ಲಿ ಬಹಲೋಲನ ಪ್ರತಿಸ್ಪರ್ಧಿಯಾಗಿದ್ದ ಖವಾಸ್ ಖಾನ್ ಹಬ್ಶಿ ಮೂಲದವನಾಗಿದ್ದನು.